ತೊಟ್ಟಿಲಿನ ಬಣ್ಣ

ಕನ್ನಡ ನಾಡಿನ ಮನೆಗಳಲ್ಲಿ ತೊಟ್ಟಿಲು ಹೊಸದಾಗಿ ಬರುವುದು ಅಪರೂಪ. ಬಹುಮಟ್ಟಿಗೆ ಅದು ಅಟ್ಟದಿಂದ ಇಳಿದು ಬರುವ ವಸ್ತು. ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು, ಕೂಸು ಹುಟ್ಟಿ, ಪುರುಡು ಕಳೆದು, ಹೆಸರಿಡುವ ದಿನ ಸಮೀಪಿಸಿತೆಂದರೆ ಮನೆಯ ಹಿರಿಯರು ಅಟ್ಟಕ್ಕೆ ಏಣಿ ಹಾಕಿಸುವರು. ತಮ್ಮಲ್ಲಿ ತೊಟ್ಟಿಲಿಲ್ಲದವರು ದಾಯಾದಿಗಳ ಮನೆಯಿಂದಲೋ ನೆರೆಮನೆಯಿಂದಲೋ ಕೇಳಿ ತರುವರು. ತಾಯಿ ಮಲಗಿದ್ದ ತೊಟ್ಟಿಲಲ್ಲಿ ಮಗುವೂ ಮಲಗುವುದು ಭಾಗ್ಯವೆಂದೇ ಎಣಿಕೆ. ಕೆಲವೆಡೆಗಳಲ್ಲಿ ಕೂಸನ್ನು ಹಾಕುವ ಮೊದಲು ಒರಳಿನ ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಿನಲ್ಲಿಟ್ಟು ತೂಗುವ ವಾಡಿಕೆಯುಂಟು. ಮಗು ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂಬ ಹಾರೈಕೆ ಅದಕ್ಕೆ ಕಾರಣವೆನ್ನುವರು. ಹಳೆಯ ಸರಪಳಿಯ ಬಲವನ್ನು ಪರೀಕ್ಷಿಸುವ ಜಾಣತನವೂ ಅದರಲ್ಲಿ ಸೇರಿದ್ದರೆ ಆಶ್ಚರ್ಯವಿಲ್ಲ.

ಗುಂಡುಕಲ್ಲನ್ನು ತೂಗುವ ಮೊದಲು ಇನ್ನೊಂದು ಕೆಲಸ ನಡೆಯುವುದು. ತೊಟ್ಟಿಲಿನ ಧೂಳು ಜಾಡಿಸಿ, ಸಡಿಲವಾದ ಕೀಲುಗಳನ್ನು ಬಡಗಿಯಿಂದ ಬಿಗಿ ಮಾಡಿಸಿ, ಸುಲಿದು ಹೋದ ಹಳೆಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು, ಹೊಸ ಬಣ್ಣ ಬಳಿಯುವರು. ಪಟ್ಟಣಗಳಲ್ಲಿ ಹರಾಜಿನ ಅಂಗಡಿಯಿಂದ ಕೊಂಡು ತಂದ ಮಗುವಿನ ಮಂಚಕ್ಕೂ ಬಟ್ಟೆಯ ಕಪಾಟಿಗೂ ಇದೇ ಉಪಚಾರ. ಮನೆಯಲ್ಲಿ ನಡೆಯುವ ನೂರು ಕೆಲಸಗಳಲ್ಲಿ ಇದಕ್ಕಿಂತ ನಿರಪಾಯವಾದುದು, ಇದಕ್ಕಿಂತ ಅಕ್ಕರೆಯಿಂದ ಮಾಡುವಂತಹುದು ಬೇರೊಂದಿಲ್ಲವೆಂದು ತೋರುವುದು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಮಕ್ಕಳ ವೈದ್ಯರಿಗೆ ಅತ್ಯಂತ ಕಠಿನವಾದ ಪಾಠವೊಂದನ್ನು ಕಲಿಸಿದುದು ಈ ಕೆಲಸವೇ. ಪಾಠ ಕಲಿತುದು ಬೇಗನೆ. ಅದರಂತೆ ನಡೆಯುವುದಕ್ಕೆ ಮಾತ್ರ ಮುಕ್ಕಾಲು ಶತಮಾನ ಹಿಡಿಯಿತು.

ಆ ಕಥೆಯ ಮೂಲದಲ್ಲಿರುವುದು ಸೀಸದ ಸಫೇದು. ಸೀಸವೆಂಬ ಲೋಹವನ್ನು ಹುಳಿಯ ಹಬೆಗೆ ಒಡ್ಡಿದರೆ ಅದರ ಮೈಮೇಲೆ ಬಿಳಿಯ ಪೊರೆಯೊಂದು ಕಟ್ಟುವುದೆಂಬುದು ಪ್ರಾಚೀನ ಗ್ರೀಕರಿಗೂ ರೋಮನರಿಗೂ ತಿಳಿದಿದ್ದಿತು. ಮುಂದೆ ಡಚ್ಚರ ಹೆಸರಿನಿಂದ ಪ್ರಸಿದ್ಧವಾದ ವಿಧಾನದಲ್ಲಿ ಮಣ್ಣಿನ ಗಡಿಗೆಗಳ ತಳಕ್ಕೆ ವಿನಿಗರ್ ಸುರಿದು, ಅದರ ಮೇಲ್ಭಾಗದಲ್ಲಿ ಸೀಸದ ಸುರುಳಿಗಳನ್ನಿಟ್ಟು, ಗಡಿಗೆಗಳನ್ನು ಸಾಲುಸಾಲಾಗಿ ಕುದುರೆಯ ಲದ್ದಿಯಲ್ಲಿ ಹೂಳುತ್ತಿದ್ದರು. ಲದ್ದಿ ಕೊಳೆಯುವಾಗ ಹುಟ್ಟುವ ಕಾವೂ ಅಂಗಾರಾಮ್ಲವೂ ಕೂಡಿ ಸುಮಾರು ಮೂರು ತಿಂಗಳಲ್ಲಿ ಸೀಸವು ಬಿಳಿಯ ಪುಡಿಯಾಗುತ್ತಿತ್ತು. ಆ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದರೆ ದೊರೆಯುವ ಬಣ್ಣವು ಮರವನ್ನು ಚೆನ್ನಾಗಿ ಮುಚ್ಚುವುದು, ಬಿಗಿಯಾಗಿ ಹಿಡಿಯುವುದು, ಮಳೆಗಾಳಿಗಳನ್ನು ತಡೆಯುವುದು. ಬಣ್ಣಗಾರರಿಗೆ ಇದಕ್ಕಿಂತ ಮೆಚ್ಚಿನ ಸರಕು ಇನ್ನೊಂದಿರಲಿಲ್ಲ.

ಅದು ವಿಷವೆಂಬುದೇನೂ ಗುಟ್ಟಾಗಿರಲಿಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ಕವಿ ನಿಕಾಂಡರನು ವಿಷಗಳನ್ನು ಕುರಿತ ತನ್ನ ಕಾವ್ಯದಲ್ಲಿ ಸಫೇದು ಸೇವಿಸಿದವರ ಅವಸ್ಥೆಯನ್ನು ವರ್ಣಿಸಿದ್ದಾನೆ. ಇಂಗ್ಲೆಂಡಿನ ಸಫೇದು ಕಾರಖಾನೆಗಳಲ್ಲಿ ಗಡಿಗೆ ಹೊರುತ್ತಿದ್ದ ಬಡ ಹೆಂಗಸರ ದುರವಸ್ಥೆಯನ್ನು ಚಾರ್ಲ್ಸ್ ಡಿಕೆನ್ಸನು ೧೮೬೮ರಲ್ಲಿ ಬರೆದನು. ೧೮೯೮ರಲ್ಲಿ ಆ ದೇಶದ ಸರಕಾರವು ಇಂತಹ ಕಾರಖಾನೆಗಳ ಅಪಾಯಕರವಾದ ಕೆಲಸಗಳಿಂದ ಹೆಂಗಸರನ್ನು ತೆಗೆಯಿಸಿತು. ಇಷ್ಟಾದರೂ ಸೀಸದ ವಿಷವೆಂದರೆ ಕಾರಖಾನೆಯವರ ಪಾಡು, ಬಣ್ಣ ಬಳಿಯುವವರ ಪಾಡು ಎಂದಷ್ಟೇ ಲೋಕವು ತಿಳಿದಿತ್ತು. ಗೋಡೆಗೂ ಮಂಚಕ್ಕೂ ಬಳಿದು ಒಣಗಿದ ಬಣ್ಣವು ಯಾರಿಗೇನು ಮಾಡೀತು?

ಅದೇ ಕಾಲಕ್ಕೆ ಪಾಶ್ಚಾತ್ಯ ದೇಶಗಳಲ್ಲಿ ಬಿಳುಪಿಗೆ ಹೊಸದೊಂದು ಮರ್ಯಾದೆ ಬಂದಿತು. ರೋಗಗಳಿಗೆ ಸೂಕ್ಷ್ಮ ಜೀವಿಗಳು ಕಾರಣವೆಂಬ ತತ್ತ್ವವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜನರ ಮನಸ್ಸಿನಲ್ಲಿ ಬೇರೂರಿ, ಕೊಳೆ ಎಲ್ಲಿದ್ದರೂ ಕಾಣುವಂತಿರಬೇಕೆಂಬ ಎಚ್ಚರ ಮೂಡಿತು. ಆಸ್ಪತ್ರೆಯ ಮಂಚ ಬಿಳಿದಾಯಿತು. ಅದನ್ನು ಕಂಡು ಮನೆಯ ಮಗುವಿನ ಮಂಚವೂ ಬಿಳಿದಾಯಿತು. ಮಗುವನ್ನು ಕಾಣದ ಶತ್ರುವಿನಿಂದ ಕಾಪಾಡಬೇಕೆಂದು ತಂದೆತಾಯಿಗಳು ಬಳಿದ ಬಣ್ಣದಲ್ಲಿಯೇ ಇನ್ನೊಬ್ಬ ಕಾಣದ ಶತ್ರುವಿದ್ದನು.

ಆ ಶತ್ರುವನ್ನು ಮೊದಲು ಗುರುತಿಸಿದವರು ದೊಡ್ಡ ರಾಜಧಾನಿಗಳ ಪಂಡಿತರಲ್ಲ. ಆಸ್ಟ್ರೇಲಿಯ ಖಂಡದ ಕ್ವೀನ್ಸ್‌ಲೆಂಡ್ ಪ್ರಾಂತದ ವೈದ್ಯರು. ಅಲ್ಲಿಯ ಬ್ರಿಸ್ಬೇನ್ ಪಟ್ಟಣದಲ್ಲಿ ಮನೆಗಳು ಮರದವು. ಬಿಸಿಲ ನಾಡಾದುದರಿಂದ ಪ್ರತಿ ಮನೆಗೂ ವಿಶಾಲವಾದ ಜಗಲಿ, ಜಗಲಿಗೆ ಮರದ ಕಟಕಟೆ, ಕಟಕಟೆಗೆ ಬಿಳಿಯ ಬಣ್ಣ. ಮಕ್ಕಳ ಹಗಲೆಲ್ಲ ಕಳೆಯುತ್ತಿದ್ದುದು ಆ ಜಗಲಿಯಲ್ಲಿಯೇ. ೧೮೯೦ರ ಸುಮಾರಿಗೆ ಅಲ್ಲಿಯ ಮಕ್ಕಳ ಆಸ್ಪತ್ರೆಗೆ ವಿಚಿತ್ರವಾದ ಬೇನೆಯ ಮಕ್ಕಳು ಬರತೊಡಗಿದರು. ಹೊಟ್ಟೆನೋವು, ಮಲಬದ್ಧತೆ, ಬಿಳುಚಿದ ಮೋರೆ. ಕೆಲವರಿಗೆ ಕೈಕಾಲುಗಳಲ್ಲಿ ಬಲವಿಲ್ಲ, ಕೆಲವರಿಗೆ ಕಣ್ಣಿನ ಸ್ನಾಯುಗಳು ಸೋತು ದೃಷ್ಟಿ ಮಂದ, ಕೆಲವರಿಗೆ ಸೆಳವು. ಇದು ಸೀಸದ ವಿಷವೆಂದು ಆ ಆಸ್ಪತ್ರೆಯ ವೈದ್ಯ ಜೆಫರಿಸ್ ಟರ್ನರ್ ೧೮೯೨ರಲ್ಲಿ ಸಾರಿದರು. ಸೀಸ ಬರುತ್ತಿದ್ದುದು ಎಲ್ಲಿಂದ ಎಂಬುದು ಮಾತ್ರ ಬಗೆಹರಿಯಲಿಲ್ಲ.

ಅದನ್ನು ಬಗೆಹರಿಸಿದವರು ನೇತ್ರವೈದ್ಯರಾದ ಲಾಕ್‌ಹಾರ್ಟ್ ಗಿಬ್ಸನ್. ಕಣ್ಣು ಕೆಟ್ಟ ಮಕ್ಕಳನ್ನು ನೋಡಿ ನೋಡಿ ಅವರ ಸಂಶಯವು ಜಗಲಿಯತ್ತ ತಿರುಗಿತು. ಬಿಸಿಲಿಗೆ ಒಡ್ಡಿದ ಸೀಸದ ಬಣ್ಣವು ಕೆಲವು ಕಾಲದಲ್ಲಿ ಹಿಟ್ಟಿನಂತೆ ಪುಡಿಯಾಗುವುದು. ಕಟಕಟೆ ಹಿಡಿದು ಆಡುವ ಮಗುವಿನ ಬೆವೆತ ಅಂಗೈಗೆ ಆ ಪುಡಿ ಅಂಟುವುದು. ಬೆರಳು ಚೀಪುವ, ಉಗುರು ಕಚ್ಚುವ ಮಕ್ಕಳು ಅದನ್ನು ದಿನದಿನವೂ ಇಷ್ಟಿಷ್ಟಾಗಿ ನುಂಗುವರು. ೧೯೦೪ರಲ್ಲಿ ಗಿಬ್ಸನ್ನರು ಪ್ರಕಟಿಸಿದ ಲೇಖನದಲ್ಲಿ, ಕ್ವೀನ್ಸ್‌ಲೆಂಡಿನ ಮಕ್ಕಳ ವಿಷಕ್ಕೆ ಬಣ್ಣ ಬಳಿದ ಕಟಕಟೆಗಳೂ ಕೋಣೆಯ ಗೋಡೆಗಳೂ ಮೂಲವೆಂದು ವಾದಿಸಿದರು. ಇದರಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಅವರ ಕೈಯಲ್ಲಿ ಇಂದಿನ ರಕ್ತಪರೀಕ್ಷೆಯ ಯಂತ್ರಗಳಾವುವೂ ಇರಲಿಲ್ಲ. ಮಕ್ಕಳು ಹಗಲೆಲ್ಲ ಏನು ಮಾಡುತ್ತಾರೆಂಬುದನ್ನು ಅವರು ವಿಚಾರಿಸಿದರು, ಅಷ್ಟೆ. ಟರ್ನರ್ ಮುಂತಾದವರು ಬಿಡದೆ ಹೋರಾಡಿದುದರಿಂದ ೧೯೨೨ರಲ್ಲಿ, ಮಕ್ಕಳ ಕೈಗೆಟಕುವ ಕಟಕಟೆ, ಬೇಲಿ ಮುಂತಾದವುಗಳಿಗೆ ಸೀಸದ ಬಣ್ಣ ಬಳಿಯದಂತೆ ಕ್ವೀನ್ಸ್‌ಲೆಂಡಿನಲ್ಲಿ ಕಾಯಿದೆಯಾಯಿತು. ಆ ವೇಳೆಗೆ ಮೊದಲ ರೋಗಿಗಳಾಗಿದ್ದ ಮಕ್ಕಳು ಪ್ರಾಯಕ್ಕೆ ಬಂದಿದ್ದರು. ೧೯೨೯ರಲ್ಲಿ ಜಾರ್ವಿಸ್ ನೈ ಎಂಬ ವೈದ್ಯರು, ಆ ಪ್ರಾಂತದಲ್ಲಿ ತರುಣರು ಮೂತ್ರಪಿಂಡದ ರೋಗದಿಂದ ಎಲ್ಲಿಯೂ ಇಲ್ಲದಷ್ಟು ಸಂಖ್ಯೆಯಲ್ಲಿ ಸಾಯುತ್ತಿರುವುದಕ್ಕೆ ಬಾಲ್ಯದಲ್ಲಿ ನುಂಗಿದ ಸೀಸವೇ ಕಾರಣವೆಂದು ತೋರಿಸಿದರು. ಜಗಲಿಯ ಬಣ್ಣವು ಇಪ್ಪತ್ತು ವರ್ಷ ಮೈಯೊಳಗೆ ಕಾದು ಕುಳಿತಿತ್ತು.

ಇನ್ನು ತೊಟ್ಟಿಲಿನ ವಿಷಯ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಐದು ವರ್ಷದ ಹುಡುಗನೊಬ್ಬನು ಬಂದನು. ಮಿದುಳಿನ ಪೊರೆಯ ಉರಿಯೂತದಂತೆ ತೋರುವ ಅವನ ರೋಗವು ಒಮ್ಮೆ ಇಳಿದು ಮತ್ತೆ ಮರುಕಳಿಸಿದ್ದಿತು. ಹೆನ್ರಿ ಥಾಮಸ್, ಕೆನೆತ್ ಬ್ಲ್ಯಾಕ್‌ಫಾನ್ ಎಂಬ ವೈದ್ಯರಿಬ್ಬರು ಕಾರಣವನ್ನು ಹುಡುಕುತ್ತ ಹೋದಾಗ, ಹುಡುಗನು ತನ್ನ ಮಂಚದ ಕಟಕಟೆಯನ್ನು ಕಚ್ಚಿ ಕಚ್ಚಿ ಅದರ ಬಿಳಿಯ ಬಣ್ಣವನ್ನು ನುಂಗಿದ್ದುದು ತಿಳಿದುಬಂದಿತು. ಅವನು ಉಳಿಯಲಿಲ್ಲ. ಆ ವೈದ್ಯರ ವರದಿ ೧೯೧೪ರಲ್ಲಿ ಅಚ್ಚಾಯಿತು. ಹಲ್ಲು ಹುಟ್ಟುವ ಕೂಸು ಎದುರಿಗೆ ಸಿಕ್ಕ ಮರವನ್ನು ಕಚ್ಚದೆ ಬಿಡದೆಂಬುದು ಯಾವ ತಾಯಿಗೂ ಹೇಳಿಕೊಡಬೇಕಾದ ಸಂಗತಿಯಲ್ಲ. ಸೀಸದ ಬಣ್ಣಕ್ಕೆ ನಾಲಗೆಯಲ್ಲಿ ನಸುಸಿಹಿಯೂ ಉಂಟೆನ್ನುವರು. ಇಷ್ಟೆಲ್ಲ ತಿಳಿದ ಮೇಲೂ ಹಲವು ವರ್ಷಗಳ ಕಾಲ ವೈದ್ಯಪತ್ರಿಕೆಗಳು ಇಂತಹ ಮಕ್ಕಳಿಗೆ ‘ಕಂಡದ್ದನ್ನೆಲ್ಲ ತಿನ್ನುವ ಚಟ’ವೆಂಬ ರೋಗವನ್ನು ಆರೋಪಿಸಿ, ತಾಯಂದಿರ ಅಲಕ್ಷ್ಯವನ್ನು ದೂಷಿಸುತ್ತಿದ್ದವು. ಮಗುವಿನ ಬಾಯಿಯನ್ನು ದೂರುವುದು ಸುಲಭ, ಬಣ್ಣದ ಡಬ್ಬಿಯನ್ನು ದೂರುವುದು ಕಷ್ಟವಾಗಿದ್ದ ಕಾಲ ಅದು.

ಕಷ್ಟಕ್ಕೆ ಕಾರಣ ವ್ಯಾಪಾರ. ಸಫೇದು ತಯಾರಿಸುವ ನ್ಯಾಷನಲ್ ಲೆಡ್ ಕಂಪನಿಯು ೧೯೦೭ರಿಂದ ತನ್ನ ಸರಕಿಗೆ ಹಾಕುತ್ತಿದ್ದ ಮುದ್ರೆಯೇ ಕೈಯಲ್ಲಿ ಕುಂಚ ಹಿಡಿದ ಒಬ್ಬ ಪುಟ್ಟ ಡಚ್ ಹುಡುಗ! ೧೯೨೦ರ ದಶಕದಲ್ಲಿ ಆ ಹುಡುಗನ ಚಿತ್ರಕಥೆಗಳ ಪುಸ್ತಿಕೆಗಳನ್ನು ಮಕ್ಕಳಿಗೇ ಹಂಚಲಾಯಿತು. ೧೯೨೧ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಕಟ್ಟಡಗಳ ಒಳಗೆ ಸಫೇದು ಬಳಿಯುವುದನ್ನು ನಿಷೇಧಿಸಬೇಕೆಂಬ ಒಪ್ಪಂದವನ್ನು ಮಾಡಿಕೊಂಡಿತಾದರೂ ಅದರ ದೃಷ್ಟಿಯಲ್ಲಿದ್ದವನು ಬಣ್ಣ ಬಳಿಯುವ ಕೂಲಿಕಾರನೇ ಹೊರತು ಮಂಚದಲ್ಲಿ ಮಲಗುವ ಕೂಸಲ್ಲ. ಅಮೆರಿಕವಂತೂ ಅದಕ್ಕೆ ಒಪ್ಪಿಗೆಯನ್ನೇ ಕೊಡಲಿಲ್ಲ. ಮುಂದೆ ಟೀಕೆ ಹೆಚ್ಚಿದಾಗ ವ್ಯಾಪಾರಿಗಳ ಕಡೆಯಿಂದ ಬಂದ ಉತ್ತರ ಹೀಗಿತ್ತು: ಕಾರಖಾನೆಯಿಂದ ಬರುವ ಹೊಸ ಮಂಚಗಳಿಗೂ ಆಟದ ಸಾಮಾನುಗಳಿಗೂ ಸೀಸದ ಬಣ್ಣವನ್ನು ಬಿಟ್ಟಿದ್ದೇವೆ, ದೋಷವಿದ್ದರೆ ಹಳೆಯ ಮಂಚಕ್ಕೆ ಮನೆಯಲ್ಲಿಯೇ ಬಣ್ಣ ಬಳಿಯುವವರದು. ಈ ಮಾತು ಪೂರ್ತಿ ಸುಳ್ಳಲ್ಲ. ಆದುದರಿಂದಲೇ ಅದು ಹೆಚ್ಚು ನೋವಿನದು. ಹೊಸ ಮಂಚ ಕೊಳ್ಳಲಾರದ ಬಡ ತಂದೆಯು ಯಾರೋ ಬಳಸಿ ಬಿಟ್ಟ ಮಂಚವನ್ನು ತಂದು, ಮನೆಯ ಹೊರಗೋಡೆಗೆ ಬಳಿದು ಮಿಕ್ಕ ಡಬ್ಬಿಯ ಬಣ್ಣವನ್ನೇ ಅದಕ್ಕೂ ಬಳಿದನು. ಆ ಡಬ್ಬಿಯ ಮೇಲೆ ಎಚ್ಚರಿಕೆಯ ಅಕ್ಷರವೊಂದೂ ಇರುತ್ತಿರಲಿಲ್ಲ.

ಬದುಕಿ ಉಳಿದ ಮಕ್ಕಳ ಗತಿಯೇನು? ವೈದ್ಯರು ಬಹುಕಾಲ ಇದನ್ನು ಕೇಳಲೇ ಇಲ್ಲ. ಸತ್ತವರು ಸತ್ತರು, ಗುಣವಾದವರು ಗುಣವಾದರು ಎಂದೇ ನಂಬಿಕೆ. ಬಾಸ್ಟನ್ ನಗರದ ರ‍್ಯಾಂಡಾಲ್ಫ್ ಬೈಯರ್ಸ್ ಎಂಬ ವೈದ್ಯರೂ ಎಲಿಜಬೆತ್ ಲಾರ್ಡ್ ಎಂಬ ಮನಶ್ಶಾಸ್ತ್ರಜ್ಞೆಯೂ, ಗುಣವಾದರೆಂದು ಆಸ್ಪತ್ರೆಯಿಂದ ಮನೆಗೆ ಕಳುಹಿದ್ದ ೨೦ ಮಕ್ಕಳನ್ನು ಕೆಲವು ವರ್ಷಗಳ ತರುವಾಯ ಹುಡುಕಿ ಪರೀಕ್ಷಿಸಿದರು. ೧೯೪೩ರಲ್ಲಿ ಪ್ರಕಟವಾದ ಆ ವರದಿಯಂತೆ ಶಾಲೆಯಲ್ಲಿ ಸರಿಯಾಗಿ ಮುಂದುವರಿಯುತ್ತಿದ್ದವನು ಒಬ್ಬನೇ ಒಬ್ಬ. ಉಳಿದವರಲ್ಲಿ ಓದು ಹತ್ತದವರು, ಒಂದೆಡೆ ಕೂರಲಾರದವರು, ಕ್ಷಣಕ್ಕೆ ಸಿಡಿಯುವವರು. ದಡ್ಡನೆಂದೂ ತುಂಟನೆಂದೂ ಉಪಾಧ್ಯಾಯರಿಂದ ಏಟು ತಿಂದ ಎಷ್ಟು ಮಕ್ಕಳು ಹಿಂದೊಮ್ಮೆ ಮಂಚದ ಬಣ್ಣ ತಿಂದವರಾಗಿದ್ದರೋ ಯಾರು ಬಲ್ಲರು!

ಕಾಯಿದೆಗಳು ಇನ್ನೂ ನಿಧಾನವಾಗಿ ಬಂದವು. ಬಾಲ್ಟಿಮೋರ್ ನಗರವು ೧೯೫೧ರಲ್ಲಿ ಮನೆಯೊಳಗೆ ಸೀಸದ ಬಣ್ಣವನ್ನು ನಿಷೇಧಿಸಿತು. ೧೯೫೫ರಲ್ಲಿ, ಮಕ್ಕಳ ಪೀಠೋಪಕರಣಗಳ ಬಣ್ಣದಲ್ಲಿ ಸೀಸವು ನೂರಕ್ಕೆ ಒಂದು ಪಾಲನ್ನು ಮೀರಕೂಡದೆಂಬ ಐಚ್ಛಿಕ ನಿಯಮವೊಂದು ಅಮೆರಿಕದಲ್ಲಿ ಹೊರಟಿತು. ಮನೆಗಳಿಗೂ ಪೀಠೋಪಕರಣಗಳಿಗೂ ಬಳಿಯುವ ಬಣ್ಣದಿಂದ ಸೀಸವನ್ನು ದೇಶಕ್ಕೆ ದೇಶವೇ ಹೊರಹಾಕಿದುದು ೧೯೭೮ರಲ್ಲಿ. ಗಿಬ್ಸನ್ನರ ಲೇಖನ ಬಂದು ಆಗಲೇ ೭೪ ವರ್ಷಗಳಾಗಿದ್ದವು.

ಕಾಯಿದೆ ಬಂದ ಮೇಲೆ ಹಳೆಯ ಬಣ್ಣವನ್ನು ಕೆರೆದು ತೆಗೆಯುವ ಕೆಲಸ ಭರದಿಂದ ನಡೆಯಿತು. ಆಗ ಹೊರಬಿದ್ದ ಸತ್ಯವು ಈ ಚರಿತ್ರೆಯಲ್ಲೆಲ್ಲ ಹೆಚ್ಚು ವಿಪರೀತವಾದುದು. ಅದೇ ಬಾಲ್ಟಿಮೋರ್ ನಗರದಲ್ಲಿ ಮಾರ್ಕ್ ಫಾರ್ಫೆಲ್, ಜೂಲಿಯನ್ ಚಿಸಮ್ ಎಂಬವರು ೧೯೮೦ರ ದಶಕದಲ್ಲಿ ಬಣ್ಣ ತೆಗೆದ ಮನೆಗಳನ್ನು ಪರೀಕ್ಷಿಸಿ ನೋಡಲಾಗಿ, ಬೆಂಕಿಯ ಜ್ವಾಲೆಯಿಂದ ಸುಟ್ಟು, ಒಣಗಿದಂತೆಯೇ ಉಜ್ಜಿ ಬಣ್ಣ ತೆಗೆದ ಮನೆಗಳ ಧೂಳಿನಲ್ಲಿ ಸೀಸವು ಮೊದಲಿಗಿಂತ ಹೆಚ್ಚಾಗಿದ್ದಿತು. ಮರಕ್ಕೆ ಅಂಟಿಕೊಂಡು ಒಂದೆಡೆಯಲ್ಲಿದ್ದ ವಿಷವು ಹುಡಿಯಾಗಿ ನೆಲ, ಹಾಸಿಗೆ, ಉಸಿರು ಎಲ್ಲವನ್ನೂ ಸೇರಿತ್ತು. ಶುದ್ಧಿಯ ಕೆಲಸವೇ ಮೈಲಿಗೆಯಾಯಿತು.

ಇದರ ಒಳಗುಟ್ಟು ದೇಹಧರ್ಮದಲ್ಲಿದೆ. ಸೀಸವು ಸುಣ್ಣಾಂಶದ ವೇಷದಲ್ಲಿ ದೇಹವನ್ನು ಹೊಕ್ಕು ಎಲುಬಿನಲ್ಲಿ ನೆಲೆಸುವುದು. ಎಲುಬು ಬೆಳೆಯುವ ವಯಸ್ಸಿನ ಮಗು ಹೊಟ್ಟೆಗೆ ಹೋದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುವುದು. ಬಸುರಿಯಾದವಳ ಎಲುಬಿನಿಂದ ಸುಣ್ಣಾಂಶವು ಕರಗಿ ಗರ್ಭಕ್ಕೆ ಹೋಗುವಾಗ ಹಿಂದೆಂದೋ ಸೇರಿದ್ದ ಸೀಸವೂ ಅದರೊಡನೆ ಹೋಗುವುದು. ಹುಟ್ಟಲಿರುವ ಕೂಸಿಗಾಗಿ ಬಸುರಿಯೇ ಉಪ್ಪುಕಾಗದ ಹಿಡಿದು ಹಳೆಯ ತೊಟ್ಟಿಲನ್ನು ಉಜ್ಜಲು ಕುಳಿತರೆ, ಕೂಸು ತೊಟ್ಟಿಲಿಗೆ ಬರುವ ಮೊದಲೇ ತೊಟ್ಟಿಲಿನ ಬಣ್ಣವು ಕೂಸಿಗೆ ತಲುಪಿರುವುದು. ಇಷ್ಟರೊಳಗೆ ಇದ್ದರೆ ಅಪಾಯವಿಲ್ಲವೆಂಬ ಸೀಸದ ಮೊತ್ತವಾವುದೂ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ.

ಕನ್ನಡ ನಾಡಿನ ಹಿಂದಿನ ತೊಟ್ಟಿಲುಗಳಿಗೆ ಎಣ್ಣೆಬಣ್ಣವಿರಲಿಲ್ಲ. ಅವುಗಳದು ಅರಗಿನ ಬಣ್ಣ. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಸಾಗುವಾನಿಯ ಹಲಗೆಗಳ ಮೇಲೆ ಚಿತ್ರಗಾರರು ಅರಗು ಬೆರೆಸಿದ ಬಣ್ಣಗಳಿಂದ ಕೃಷ್ಣನ ಲೀಲೆಗಳನ್ನೂ ರಾಮಾಯಣದ ಪ್ರಸಂಗಗಳನ್ನೂ ಬಿಡಿಸುವರು. ಉತ್ತರ ಕರ್ನಾಟಕದ ಮನೆಗಳಲ್ಲಿ ಅಂತಹ ತೊಟ್ಟಿಲು ಎರಡು ಮೂರು ತಲೆಮಾರು ಬಾಳುವುದು. ಚನ್ನಪಟ್ಟಣದ ಕಸುಬು ಬೇರೆ ಬಗೆಯದು. ಅಲ್ಲಿ ಹಾಲೆಮರದ ತುಂಡನ್ನು ಕಡೆಯುವ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತ, ಬಣ್ಣ ಕೂಡಿಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುವರು. ತಿಕ್ಕಾಟದ ಕಾವಿಗೆ ಅರಗು ಕರಗಿ ಮರದ ಮೈಗೆ ಹತ್ತುವುದು. ಬಳಿಕ ಕೇದಗೆಯ ಗರಿಯನ್ನು ಒತ್ತಿದರೆ ಕನ್ನಡಿಯಂತಹ ಹೊಳಪು. ಕುಂಚವಿಲ್ಲ, ಎಣ್ಣೆಯಿಲ್ಲ, ಒಣಗಲು ಕಾಯುವ ಕೆಲಸವಿಲ್ಲ. ಅರಗು ಮರದ ಕೊಂಬೆಗಳ ಮೇಲೆ ಬಾಳುವ ಒಂದು ಕೀಟದ ಸ್ರಾವ. ಅದು ಮದ್ಯಸಾರದಲ್ಲಿ ಕರಗುವುದಲ್ಲದೆ ನೀರಿನಲ್ಲಾಗಲಿ ಜೊಲ್ಲಿನಲ್ಲಾಗಲಿ ಕರಗದು. ಮಿಠಾಯಿಗಳಿಗೂ ಔಷಧದ ಗುಳಿಗೆಗಳಿಗೂ ಹೊಳಪು ಕೊಡಲು ಶೋಧಿಸಿದ ಅರಗನ್ನೇ ಬಳಿಯುವರು.

ಹಾಗೆಂದು ಹಿಂದಿನದೆಲ್ಲ ಅಮೃತವೆನ್ನುವುದು ಸಲ್ಲದು. ಅರಗು ನಿರ್ದೋಷಿಯಾದರೂ ಅದಕ್ಕೆ ಬೆರೆಸುವ ವರ್ಣಗಳೆಲ್ಲ ನಿರ್ದೋಷಿಗಳಲ್ಲ. ಹಿಂದಿನ ಕಾಲದ ಭಾರತೀಯ ಅರಗಿನ ಕೆಲಸದಲ್ಲಿ ಹಳದಿಗೆ ಅರದಾಳವನ್ನೂ ಕೆಂಪಿಗೆ ಇಂಗಳೀಕವನ್ನೂ ಕೂಡಿಸುತ್ತಿದ್ದುದುಂಟು. ಮೊದಲನೆಯದರಲ್ಲಿ ಪಾಷಾಣ, ಎರಡನೆಯದರಲ್ಲಿ ಪಾದರಸ. ಅರಿಸಿನ, ನೀಲಿ ಮುಂತಾದ ಸಸ್ಯವರ್ಣಗಳಿಂದಲೇ ಆಟಿಕೆ ಮಾಡುವೆವೆಂದು ಚನ್ನಪಟ್ಟಣದ ಕುಶಲಿಗಳು ಇತ್ತೀಚಿನ ದಶಕಗಳಲ್ಲಿ ಹೇಳಿಕೊಳ್ಳುವುದಕ್ಕೆ ಇದೇ ಹಿನ್ನೆಲೆ. ಅಜ್ಜನ ಕಾಲದ ಸಾಮಾನೆಂಬ ಒಂದೇ ಕಾರಣಕ್ಕೆ ಮಗುವಿನ ಬಾಯಿಗೆ ಒಪ್ಪಿಸಬಹುದೆಂಬ ವಿಶ್ವಾಸಕ್ಕೆ ಆಧಾರವಿಲ್ಲ.

ಡಬ್ಬಿಯ ಎಣ್ಣೆಬಣ್ಣವು ಊರೂರಿನ ಅಂಗಡಿಗೆ ಬಂದ ಮೇಲೆ ಅರಗಿನ ತೊಟ್ಟಿಲುಗಳ ಮೇಲೂ ಅದು ಕೂತಿತು. ಮಾಸಿದ ಚಿತ್ರಗಳನ್ನು ಮತ್ತೆ ಬರೆಯಿಸಲು ಚಿತ್ರಗಾರನನ್ನು ಹುಡುಕುವುದಕ್ಕಿಂತ ಹಸುರೋ ನೀಲಿಯೋ ಒಂದು ಡಬ್ಬಿ ತಂದು ಬಳಿಯುವುದು ಸುಲಭವಲ್ಲವೇ! ಭಾರತದಲ್ಲಿ ಆ ಡಬ್ಬಿಯ ಮೇಲೆ ಕಟ್ಟುನಿಟ್ಟು ಬಹುಕಾಲ ಇರಲಿಲ್ಲ. ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನದವರು ೧೯೯೭-೯೮ರಲ್ಲಿ ದೇಶದ ಏಳು ನಗರಗಳಲ್ಲಿ ಸಾವಿರಾರು ಜನರ ರಕ್ತವನ್ನು ಪರೀಕ್ಷಿಸಿದಾಗ ಅರ್ಧದಷ್ಟು ಮಕ್ಕಳಲ್ಲಿ ಸೀಸವು ಅಂದಿನ ಎಚ್ಚರಿಕೆಯ ಮಿತಿಯನ್ನು ದಾಟಿದ್ದುದು ಕಂಡುಬಂದಿತು. ಅದಕ್ಕೆ ಮುಖ್ಯ ಕಾರಣವಾಗಿದ್ದ ಸೀಸ ಬೆರೆತ ಪೆಟ್ರೋಲು ೨೦೦೦ದಲ್ಲಿ ನಿಂತಿತು. ಬಣ್ಣದ ಸರದಿ ಅದಕ್ಕೂ ತಡವಾಗಿ ಬಂದಿತು. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಕೂಡದೆಂಬ ಕೇಂದ್ರ ಸರಕಾರದ ನಿಯಮವು ೨೦೧೬ರ ನವೆಂಬರದಲ್ಲಿ ಹೊರಟು, ತಯಾರಕರಿಗೆ ಒಂದು ವರ್ಷದ ಅವಧಿ ಕಳೆದ ಮೇಲೆ ಜಾರಿಗೆ ಬಂದಿತು.

ಆ ನಿಯಮವು ಅನ್ವಯಿಸುವುದು ಹೊಸ ಡಬ್ಬಿಗೆ. ಅದಕ್ಕೆ ಮುಂಚೆ ಬಳಿದ ಬಣ್ಣವನ್ನು ಹೊತ್ತು ಅಟ್ಟದಲ್ಲಿರುವ ತೊಟ್ಟಿಲನ್ನು ಯಾವ ಅಧಿಕಾರಿಯೂ ಬಂದು ಪರೀಕ್ಷಿಸುವುದಿಲ್ಲ. ಅದನ್ನು ಇಳಿಸಲೇಬೇಕಾದ ಮನೆಯಲ್ಲಿ ಬಣ್ಣ ತೆಗೆಯುವುದಾದರೆ ನೀರಿನಿಂದ ತೊಯ್ಸಿ, ಹುಡಿ ಏಳದಂತೆ, ಬಸುರಿ ಬಾಣಂತಿಯರೂ ಮಕ್ಕಳೂ ಇಲ್ಲದ ಕಡೆ, ಕೆಲಸ ಬಲ್ಲವರಿಂದ ತೆಗೆಯಿಸಬೇಕು. ಒಣ ಉಪ್ಪುಕಾಗದವೂ ಬೆಂಕಿಯೂ ಬೇಡ. ತೆಗೆದ ಹೊಟ್ಟನ್ನು ಒದ್ದೆ ಬಟ್ಟೆಯಲ್ಲಿ ಬಳಿದು ಕಟ್ಟಿ ಹೊರಸಾಗಿಸಬೇಕು, ಪೊರಕೆಯಿಂದ ಗುಡಿಸಬಾರದು. ಸುಲಿದ ಬಣ್ಣದ ಮೇಲೆ ಹೊಸ ಬಣ್ಣ ಮೆತ್ತುವುದು ಹಲ್ಲು ಬಂದ ಮಗುವಿನ ಎದುರು ನಿಲ್ಲುವ ಉಪಾಯವಲ್ಲ. ಯಾವ ಪದರ ಯಾವ ಕಾಲದ್ದೆಂಬುದಕ್ಕೆ ಲಿಖಿತದ ಲೆಕ್ಕ ಎಲ್ಲಿಯೂ ಇರದು. ಈ ಹಸುರು ದೊಡ್ಡವನು ಹುಟ್ಟಿದಾಗ ಬಳಿದುದು, ಅದರಡಿಯ ನೀಲಿ ಅವನ ಸೋದರತ್ತೆಯ ಕಾಲದ್ದು, ಅದರಡಿಯಲ್ಲಿ ಬಳ್ಳಿಯೂ ಗಿಳಿಯೂ ಇದ್ದವೆಂದು ಹೇಳಬಲ್ಲವರು ಮನೆಯ ಅಜ್ಜಿಯೊಬ್ಬರೇ. ಉಪ್ಪುಕಾಗದ ತರಲು ಅಂಗಡಿಗೆ ಆಳು ಹೋಗುವ ಮೊದಲು ಅವರನ್ನು ಕೇಳಬೇಕು.